ಬಾಯಿ ಬಿಡದ ಡ್ರೈವು

ಡಿಸ್ಕಿನೊಳಗೆ ಏನೂ ಇರಲಿಲ್ಲ.

ಕಂಪ್ಯೂಟರಿನ ತೆರೆಯ ಮೇಲೆ ಬಿಳಿಯ ಚೌಕವೊಂದು ತೆರೆದುಕೊಂಡಿತ್ತು. ಒಂದು ಹೆಸರಿಲ್ಲ, ಒಂದು ಫೈಲಿಲ್ಲ. ತೂರಿ ಮುಗಿಸಿದ ಕಣದ ಹಾಗೆ ಬರಿದು.

ರಿಪೇರಿಯವನು ಮೌಸಿನ ಮೇಲಿಂದ ಕೈ ತೆಗೆದ. ಯಾವ ಕೆಲಸ ಹೇಳಿದರೂ ‘ಆಗೋಯ್ತು ಅನ್ಕೊಳಿ’ ಎನ್ನುವುದು ಅವನ ಚಾಳಿ; ಬೀದಿಯವರು ಅವನಿಗೆ ಆಗೋಯ್ತು ಎಂದೇ ಹೆಸರಿಟ್ಟಿದ್ದರು. ಈಗ ಆ ಮಾತು ಬಾಯಿಗೆ ಬರಲಿಲ್ಲ.

"ಹಾಕಪ್ಪ, ಕೇಳೋಣ," ಎಂದರು ಮೇಷ್ಟ್ರಮ್ಮ. ಅವರಿಗಿನ್ನೂ ಗೊತ್ತಾಗಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಾಗಿತ್ತು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದವರು ಅವರು. ತೆರೆಯನ್ನು ಬಿಟ್ಟು ಆಗೋಯ್ತುವಿನ ಕತ್ತನ್ನು ನೋಡಿದರು. ಅಲ್ಲಿ ಬೆವರು ಮೂಡುತ್ತಿತ್ತು. ತಪ್ಪು ಮಾಡಿದವನಿಗೂ ಬೆವರು ಬರುತ್ತದೆ. ಮಾಡದ ತಪ್ಪು ತಲೆಗೆ ಸುತ್ತಿಕೊಂಡೀತು ಎಂದು ಹೆದರಿದವನಿಗೂ ಬರುತ್ತದೆ. ನೋಡುವುದಕ್ಕೆ ಎರಡೂ ಒಂದೇ.

ಮೇಷ್ಟ್ರಮ್ಮನ ಗಂಡ, ಮೇಷ್ಟ್ರು, ಊರಿಗೆಲ್ಲ ಪದ್ಯ ಓದಿ ಹೇಳಿದವರು. ಸಾಯುವ ಮುಂಚೆ ಇಡೀ ಕಾವ್ಯವೊಂದನ್ನು, ಸಂಧಿಯಾದ ಮೇಲೆ ಸಂಧಿಯಂತೆ, ಈ ಹಳೆಯ ಕಂಪ್ಯೂಟರಿಗೆ ತಮ್ಮ ದನಿಯಲ್ಲಿ ತುಂಬಿದ್ದರು. ಅವರು ಹೋದ ಮೇಲೆ ದಿನವೂ ಬೆಳಗ್ಗೆ ಮೇಷ್ಟ್ರಮ್ಮ ಒಂದೊಂದು ಭಾಗ ಹಾಕಿಕೊಂಡು ಕೂರುತ್ತಿದ್ದರು. ಮಹಡಿಯ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ಇನ್ಸ್‌ಪೆಕ್ಟರಮ್ಮನೂ ನಿಲ್ಲುತ್ತಿದ್ದರು. ಜೀವಮಾನವಿಡೀ ಸುಳ್ಳು ಕೇಳಿದ ಕಿವಿಗೆ ಅದೊಂದು ಸ್ನಾನ. ಪದ್ಯದ ಜೊತೆಗೆ ಅಂಗೈಯಿಂದ ಮೇಜು ತಟ್ಟಿ ಹಾಕಿದ ತಾಳ, ಲೋಟ ಇಟ್ಟ ಸದ್ದು, ಮೇಷ್ಟ್ರ ಕೆಮ್ಮು ಎಲ್ಲ ಅದರಲ್ಲಿದ್ದವು. ಕೊನೆಯ ಸಂಧಿಯ ನಡುವೆ ಒಂದು ಕಡೆ ಬೀದಿಯಾಚೆಯ ಗಿರಣಿಯ ಸೈರನ್ ಕೂಗಿತ್ತು. ಮೇಷ್ಟ್ರು ಅದು ಅಡಗುವವರೆಗೆ ಕಾದು ಮುಂದೆ ಹೋಗಿದ್ದರು. ಈಗ ಗಿರಣಿಯೂ ಮುಚ್ಚಿತ್ತು, ಮೇಷ್ಟ್ರೂ ಇರಲಿಲ್ಲ. ಎರಡರ ಕೂಗೂ ಆ ಡಿಸ್ಕಿನಲ್ಲಿ ಮಾತ್ರ ಉಳಿದಿತ್ತು.

ಆ ಡಿಸ್ಕು ಇತ್ತೀಚೆಗೆ ಕರಕರ ಎನ್ನತೊಡಗಿತ್ತು. ಅದು ಕಣ್ಣು ಮುಚ್ಚುವ ಮೊದಲೇ ಎಲ್ಲ ಬೇರೆಡೆಗೆ ಇಳಿಸಿಬಿಡೋಣ ಎಂದು ಮಗ ಆಗೋಯ್ತುವನ್ನು ಕರೆಸಿದ್ದ. ಅವನು ಹಿಂದಿನ ದಿನ ಬಂದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಕೂರಿಸಿದ. ಬಾಗಿಲೇ ತೆರೆಯದೆ ಕೆಟ್ಟು ಕೂತಿದ್ದ, ಸೀಡಿ ಬರೆಯುವ ಡ್ರೈವನ್ನು ಕಿತ್ತು, ಆ ಜಾಗಕ್ಕೆ ಡಿವಿಡಿ ರೈಟರ್ ಹಾಕಿದ. ಹಳೆಯ ಡಿಸ್ಕನ್ನು ಒಳಗೇ ಬಿಟ್ಟು, ಸಂಜೆ ಒಂದು ಪದ್ಯ ಹಾಕಿ ಕೇಳಿಸಿಯೇ ಹೋದ. ಮರುದಿನ ಎಲ್ಲವನ್ನೂ ನಕಲು ಮಾಡಿ, ಶಿಷ್ಯರಿಗೆಲ್ಲ ಡಿವಿಡಿ ಮಾಡಿಕೊಡುವುದೆಂದು ಮಾತಾಗಿತ್ತು. ಇನ್ಸ್‌ಪೆಕ್ಟರಮ್ಮ ತಮಗೂ ಒಂದು ಬೇಕೆಂದು ಇಳಿದು ಬಂದಿದ್ದು ಅದಕ್ಕೇ.

ಆದರೆ ಈ ಬೆಳಗ್ಗೆ ಸ್ವಿಚ್ ಒತ್ತಿದಾಗ ಹೊಸ ಎಸ್‌ಎಸ್‌ಡಿ ಮಾತ್ರ ಎದ್ದಿತು. ಹಳೆಯ ಡಿಸ್ಕೂ ಡಿವಿಡಿ ರೈಟರೂ ಕಾಣಲಿಲ್ಲ. ಆಗೋಯ್ತು ಪಕ್ಕದ ತಗಡು ಸರಿಸಿದ. ಟಾರ್ಚ್ ಬಿಟ್ಟ. ಡಿಸ್ಕಿನ ಬೆನ್ನಿನಿಂದ ಅಕ್ಕಿಕಾಳಿನಷ್ಟು ದೊಡ್ಡದೇನನ್ನೋ ಚಿಮಟದಲ್ಲಿ ಕಿತ್ತು, ಪಕ್ಕದ ಕಡ್ಡಿಗಳಿಗೆ ಸಿಕ್ಕಿಸಿದ. ನಿನ್ನೆ ತಾನೇ ಈಚೆ ಹಾಕಿದ್ದೆನಲ್ಲ ಎಂದು ಗೊಣಗಿಕೊಂಡ. ಎರಡೂ ಎದ್ದವು. ಡಿಸ್ಕು ತೆರೆಯಿತು. ಬರಿದಾಗಿತ್ತು.

ಹಿಂದೆ ನಿಂತಿದ್ದ ಮಗ ಅವನ ಅಂಗಿ ಹಿಡಿದ. ಅಳಿಸಿಹಾಕಿದ್ದಾನೆ, ಇಲ್ಲವೇ ಯಾರಿಗೋ ಮಾರಿಕೊಂಡಿದ್ದಾನೆ, ಈಗಲೇ ಠಾಣೆಗೆ ನಡಿ ಎಂದ. ಪೊಲೀಸರು ಒಮ್ಮೆ ಅಂಗಡಿ ಹೊಕ್ಕರೆ ಸಾಕು, ಆಮೇಲೆ ಯಾರೂ ತಮ್ಮ ಕಂಪ್ಯೂಟರ್ ಅವನ ಕೈಗೆ ಕೊಡುವುದಿಲ್ಲ. ಅದು ಆಗೋಯ್ತುವಿಗೂ ಗೊತ್ತಿತ್ತು.

ಮೇಷ್ಟ್ರಮ್ಮ ಏಳಲಿಲ್ಲ, ಅಳಲಿಲ್ಲ. ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದರು.

"ನಾಳೆ ಬೆಳಗ್ಗೆ ನಾನೇನು ಕೇಳ್ಲಿ?"

ಇನ್ಸ್‌ಪೆಕ್ಟರಮ್ಮ ಮಗನ ಕೈಯನ್ನು ಅಂಗಿಯಿಂದ ಬಿಡಿಸಿದರು. ವಾರದ ಕೊನೆಗೆ ಮೇಷ್ಟ್ರ ನೆನಪಿನ ಸಭೆ ಇದೆ, ಅದು ಮುಗಿಯುವವರೆಗೆ ಠಾಣೆಯ ಮಾತು ಬೇಡ, ಆಮೇಲೆ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು. ಯಾರನ್ನು ಎಂದು ಹೇಳಲಿಲ್ಲ.

*

ಇನ್ಸ್‌ಪೆಕ್ಟರಮ್ಮ ಆಗೋಯ್ತುವಿನ ಅಂಗಡಿಗೆ ಹೋದರು. ಅಂಗಡಿ ಎಂದರೆ ಸತ್ತ ಯಂತ್ರಗಳ ಗೋದಾಮು. ಮಾತಿನಲ್ಲಿ ಮಾತ್ರ ಅವನು ಇನ್ನೂ ಬದುಕಿದ್ದ. ತನ್ನ ಹಾಗೆ ಕೆಲಸ ಮಾಡುವವನು ಈ ಸುತ್ತಿನಲ್ಲೇ ಇಲ್ಲ ಎಂದ. ತಿರುಪು ಹಾಕುವುದಕ್ಕೆ ಸೋಮಾರಿತನವಾಗಿ, ಹೇಗೂ ಮರುದಿನ ಬರುತ್ತೇನಲ್ಲ ಎಂದು, ಪಕ್ಕದ ತಗಡನ್ನು ಹಾಗೇ ಒರಗಿಸಿ ಹೋಗಿದ್ದನ್ನೂ ಒಪ್ಪಿಕೊಂಡ.

"ಅಂದ್ರೆ ಯಾರು ಬೇಕಾದ್ರೂ ತೆಗೀಬಹುದಿತ್ತು."

"ಒಂದು ಬೆರಳು ಸಾಕು ಮೇಡಂ."

ಬೆಳಗ್ಗೆ ಕಿತ್ತು ಸಿಕ್ಕಿಸಿದ್ದು ಏನೆಂದು ಕೇಳಿದರು. ಅವನು ಹಳೆಯ ಡಿಸ್ಕೊಂದನ್ನು ತಿರುಗಿಸಿ ತೋರಿಸಿದ. ಬೆನ್ನಲ್ಲಿ ಪುಟ್ಟ ಕಡ್ಡಿಗಳ ಸಾಲು, ಎರಡು ಕಡ್ಡಿಗಳಿಗೆ ಸೇರಿಸಿ ಹಾಕಿದ ಪ್ಲಾಸ್ಟಿಕ್ಕಿನ ಟೋಪಿ.

"ಹಳೇ ಯಂತ್ರದಲ್ಲಿ ಒಂದೇ ಕೇಬಲ್ಲಿಗೆ ಇಬ್ಬರು ಇರ್ತಾರೆ. ಒಬ್ಬ ಯಜಮಾನ, ಇನ್ನೊಬ್ಬ ಆಳು. ಯಾರು ಏನು ಅಂತ ಈ ಟೋಪಿ ಹೇಳತ್ತೆ. ಇಬ್ಬರೂ ಯಜಮಾನ್ರಾದ್ರೆ ಇಬ್ಬರೂ ಮಲಗ್ತಾರೆ. ಮನೆಯಲ್ಲೂ ಅಷ್ಟೇ ಅಲ್ವಾ?"

ಎಸ್‌ಎಸ್‌ಡಿಯದು ಬೇರೆ ಕೇಬಲ್ಲು. ಇದರಲ್ಲಿ ಮೊದಲು ಮೇಷ್ಟ್ರ ಡಿಸ್ಕೇ ಯಜಮಾನನಾಗಿತ್ತು. ತಾನು ಹಾಕಿದ ಡಿವಿಡಿ ರೈಟರ್ ಎರಡನೆಯ ಕೈಯದು, ಅದರ ಟೋಪಿ ಯಜಮಾನನ ಜಾಗದಲ್ಲಿ ಅಂಟಿಕೊಂಡು ಕದಲಲೊಲ್ಲದು. ಹಾಗಾಗಿ ಹಿಂದಿನ ದಿನವೇ ಡಿಸ್ಕನ್ನು ಆಳು ಮಾಡಿದ್ದೆ ಎಂದ. ಬೆಳಗ್ಗೆ ನೋಡಿದರೆ ಟೋಪಿ ಮತ್ತೆ ಯಜಮಾನನ ಜಾಗದಲ್ಲಿತ್ತು.

"ತಾನಾಗಿ ಸರಿಯತ್ತಾ?"

"ಚಿಮಟ ಇಲ್ದೆ ನನ್ನ ಕೈಗೇ ಬರಲ್ಲ."

ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇವನೇ ಡಿಸ್ಕು ಬದಲಿಸಿದ್ದರೆ ತಾನೇ ತಿದ್ದಿದ ಟೋಪಿಯನ್ನು ಮರೆಯುತ್ತಿರಲಿಲ್ಲ. ಮರೆತಿದ್ದರೂ ತಮ್ಮ ಕಣ್ಣೆದುರಿಗೇ ಕಿತ್ತು ತೋರಿಸುತ್ತಿರಲಿಲ್ಲ. ಕಳ್ಳ ತನ್ನ ಹೆಜ್ಜೆ ಗುರುತಿಗೆ ದೀಪ ಹಿಡಿಯುವುದಿಲ್ಲ. ಹಾಗಾದರೆ ಕಂಪ್ಯೂಟರಿನಲ್ಲಿ ಈಗಿರುವುದು ಮೇಷ್ಟ್ರ ಡಿಸ್ಕೇ ಅಲ್ಲ. ಅದೇ ಕಂಪನಿ, ಅದೇ ಗಾತ್ರ, ಅದೇ ಬಣ್ಣದ ಚೀಟಿ ಇರುವ ಇನ್ನೊಂದು. ಎಲ್ಲಿಯೋ ಯಜಮಾನನಾಗಿದ್ದು, ಒರೆಸಿಕೊಂಡು ಇಲ್ಲಿಗೆ ಬಂದದ್ದು.

ಅಂಥದ್ದು ಎಲ್ಲಿ ಸಿಗುತ್ತದೆ ಎಂದರು. ತಾನೇ ಎಷ್ಟೋ ದಿನದಿಂದ ಹುಡುಕುತ್ತಿದ್ದೇನೆ, ಗುಜರಿಯಲ್ಲೂ ಇಲ್ಲ ಎಂದ ಆಗೋಯ್ತು. "ಆವಾಗಲೇ ಕೊಂಡೋರ ಹತ್ರ ಇದ್ರೆ ಉಂಟು."

*

ಹಿಂದಿನ ದಿನ ಆಗೋಯ್ತು ಕೆಲಸ ಮುಗಿಸಿ ಹೋದ ಮೇಲೆ, ಆ ಸಂಜೆ ಮೇಷ್ಟ್ರ ಕೋಣೆಗೆ ಹೊಕ್ಕವರು ಇಬ್ಬರೇ ಎಂದರು ಮೇಷ್ಟ್ರಮ್ಮ. ಒಬ್ಬ ಮಗ. ಬಟ್ಟೆಯಲ್ಲಿ ಏನನ್ನೋ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಏನೆಂದು ಕೇಳಿದರೆ ಸಿಡುಕಿದ. ಹೇಳುವಾಗ ಅವರ ದನಿ ತಗ್ಗಿತು. ಹೆತ್ತವಳಿಗೆ ಹೆತ್ತ ಮಗನ ಮೇಲೆಯೇ ಅನುಮಾನ ಬರುವ ಹೊತ್ತು ಒಳ್ಳೆಯದಲ್ಲ.

ಇನ್ನೊಬ್ಬ ಮರಿಮೇಷ್ಟ್ರು. ಮೇಷ್ಟ್ರ ಮೊದಲ ಶಿಷ್ಯ. ಗುರುವಿನ ಗತ್ತು, ಗುರುವಿನ ನಡಿಗೆ. ಮೇಜು ತಟ್ಟಿ ತಾಳ ಹಾಕದೆ ಒಂದು ಸಾಲೂ ಅವನ ಬಾಯಿಂದ ಬರದು. ಊರವರು ಪ್ರೀತಿಯಿಂದ ಇಟ್ಟ ಹೆಸರು ಅದು.

"ಗುರುಗಳ ಕೋಣೇಲಿ ಒಂದಿಷ್ಟು ಹೊತ್ತು ಕೂತಿರ್ತೀನಿ ಅಂತ ಬಾಗಿಲು ಹಾಕ್ಕೊಂಡ. ಅವನ ಮೇಲೆ ಅನುಮಾನ ಬೇಡ ತಂಗಿ. ನಾನು ಬಾಗಿಲ ಹೊರಗೇ ಕೂತಿದ್ದೆ. ಒಂದು ಗಳಿಗೆ ನಿಲ್ಲಿಸದೆ ಪದ್ಯ ಹೇಳ್ತಾನೇ ಇದ್ದ. ಬರೀ ದನಿ, ಎಣ್ಣೆ ಸುರಿದ ಹಾಗೆ. ಪದ್ಯ ಹೇಳೋನು ಕಳ್ಳತನ ಮಾಡ್ತಾನಾ?"

ಡಿಸ್ಕು ಬರಿದಾದ ಸುದ್ದಿ ಕೇಳಿ ಮರಿಮೇಷ್ಟ್ರು ಓಡಿ ಬಂದಿದ್ದ. ಮೇಷ್ಟ್ರಮ್ಮನ ಕಾಲ ಬಳಿ ಕುಳಿತು ಅವನು ಆಡಿದ ಮಾತನ್ನು ಅವರು ಕಣ್ಣು ತುಂಬಿಕೊಂಡು ಹೇಳಿದರು: ಯಂತ್ರದ ಬಾಯಿಂದ ಗುರುಗಳನ್ನು ತಾನು ಒಂದು ದಿನವೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಕೊನೆಯ ಸಂಧಿಯನ್ನು ಅವರು ತನಗೊಬ್ಬನಿಗೇ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ. ಸಭೆಯಲ್ಲಿ ಅದನ್ನೇ ಓದುತ್ತೇನೆ.

ಇನ್ಸ್‌ಪೆಕ್ಟರಮ್ಮ ಮೊದಲು ಮಗನ ಬೀರುವಿನ ಎದುರು ನಿಂತರು. ಅವನು ಕೆಂಡವಾದ. ಈ ಹಳೇ ಡಬ್ಬಿಯನ್ನು ಎಸೆಯೋಣ ಎಂದು ಹಲವು ಸಲ ಹೇಳಿದ್ದವನು, ಬೆಳಗಿನ ಪದ್ಯಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದವನು. ಕೊನೆಗೆ ಬೀರು ತೆಗೆದ. ಬಟ್ಟೆಯೊಳಗೆ ಇದ್ದದ್ದು ಒಂದು ಮೈಕು. ಜಾಲರಿ ಒಂದು ಕಡೆ ಜಜ್ಜಿಹೋಗಿತ್ತು.

"ಆಗೋಯ್ತು ಎಲ್ಲ ಗುಜರಿಗೆ ಹಾಕ್ತಾನೆ ಅಂತ ಎತ್ತಿಟ್ಕೊಂಡೆ," ಎಂದ ಮಗ. "ಅಪ್ಪನ ಉಸಿರು ತಾಗಿದ್ದು. ಅಮ್ಮಂಗೆ ಹೇಳ್ಬೇಡಿ."

ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಏಕೆಂದು ಇನ್ಸ್‌ಪೆಕ್ಟರಮ್ಮನಿಗೆ ಆಗ ಹೊಳೆಯಿತು. ಬೀರುವನ್ನು ತಾವೇ ಮುಚ್ಚಿದರು.

ಮೆಟ್ಟಿಲು ಹತ್ತುವ ಮುಂಚೆ ಮೇಷ್ಟ್ರಮ್ಮನನ್ನು ಇನ್ನೊಂದು ಮಾತು ಕೇಳಿದರು. ಈ ಕಂಪ್ಯೂಟರನ್ನು ತಂದದ್ದು ಯಾರು?

"ನಮ್ಮೋರೂ ಮರಿಮೇಷ್ಟ್ರೂ ಜೊತೇಲೇ ಹೋಗಿ ತಂದ್ರು. ಅವನಿಗೊಂದು, ಇವರಿಗೊಂದು. ಜೋಡೆತ್ತು ಅಂತ ನಗ್ತಾ ಇದ್ರು."

*

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಇನ್ಸ್‌ಪೆಕ್ಟರಮ್ಮ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು. ಕೈಯಲ್ಲಿ ಇದ್ದದ್ದು ಬರೀ ಅನುಮಾನ. ಜೋಡಿ ಕಂಪ್ಯೂಟರ್ ಇದ್ದ ಮಾತ್ರಕ್ಕೆ ಯಾರೂ ಕಳ್ಳನಾಗುವುದಿಲ್ಲ. ತಾನು ಒಬ್ಬ ಭಕ್ತನ ಮೇಲೆ ಕಣ್ಣಿಟ್ಟಿದ್ದೇನೆಯೇ ಎಂದು ತಮ್ಮ ಮೇಲೂ ಅವರಿಗೆ ಅನುಮಾನವಿತ್ತು.

ಮರಿಮೇಷ್ಟ್ರು ಓದಿದ. ಅಂಗೈ ಮೇಜಿನ ಮೇಲೆ ಬೀಳುತ್ತಿತ್ತು, ಪದ್ಯ ಏಳುತ್ತಿತ್ತು. ಯುದ್ಧ ಮುಗಿದ ಬಯಲಿನಲ್ಲಿ ತಾಯಿಯೊಬ್ಬಳು ಮಗನನ್ನು ಹುಡುಕುತ್ತ ಬರುತ್ತಾಳೆ. ಮಗ ಸಿಗುತ್ತಾನೆ. ಅವನ ಮುಖದ ಧೂಳು ಒರೆಸಲು ಸೆರಗು ಎತ್ತುತ್ತಾಳೆ.

ಎತ್ತಿದ ಸೆರಗಿನಲ್ಲೇ ಮರಿಮೇಷ್ಟ್ರು ನಿಲ್ಲಿಸಿದ.

ತಾಳ ನಿಂತಿತು. ದನಿ ನಿಂತಿತು. ಸಭೆಯೇ ಉಸಿರು ಹಿಡಿಯಿತು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಎಂಥ ಓದು ಎಂದು ಪಕ್ಕದವರು ತಲೆದೂಗಿದರು. ಇನ್ಸ್‌ಪೆಕ್ಟರಮ್ಮನಿಗೂ ಮೈ ಜುಮ್ಮೆಂದಿತು. ಮರುಕ್ಷಣವೇ ಅದು ಬೇರೆ ಜುಮ್ಮಾಯಿತು.

ಪದ್ಯದ ಓಟದಲ್ಲಿ ಅಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಆದರೂ ಆ ಮೌನ ಅವರಿಗೆ ಗೊತ್ತು. ಎಷ್ಟು ಉದ್ದ ಎಂಬುದೂ ಗೊತ್ತು. ಕಿಟಕಿಯಲ್ಲಿ ನಿಂತು ಅದನ್ನು ಎಷ್ಟು ಸಲ ದಾಟಿದ್ದರೋ.

ಮುಚ್ಚಿಹೋದ ಗಿರಣಿಯ ಸೈರನ್ನಿಗೆ ಮರಿಮೇಷ್ಟ್ರು ದಾರಿ ಬಿಡುತ್ತಿದ್ದ.

ಸಭೆ ಮುಗಿದ ಮೇಲೆ ಇನ್ಸ್‌ಪೆಕ್ಟರಮ್ಮ ಮೇಷ್ಟ್ರಮ್ಮನ ಪಕ್ಕ ನಡೆದು ಬಂದರು. ಆ ದನಿಯ ನಕಲು ಬೇರೆಲ್ಲಾದರೂ ಉಳಿದಿದೆಯೇ ಎಂಬ ಯೋಚನೆಯಲ್ಲಿ, ಆ ಕೆಟ್ಟ ಸೀಡಿ ಡ್ರೈವು ಯಾವಾಗ ಕೆಟ್ಟಿತು ಎಂದು ಕೇಳಿದರು. ಕೊನೆಯ ಸಂಧಿ ತುಂಬಿ ಮುಗಿಸಿದ ದಿನವೇ ಅದು ಬಾಯಿ ಮುಚ್ಚಿಕೊಂಡಿತು, ಮೇಷ್ಟ್ರು ಅದರ ಮೇಲೆ ಗುದ್ದಿ ಗುದ್ದಿ ಬೈದರು, ಆಮೇಲೆ ಹಾಸಿಗೆ ಹಿಡಿದರು ಎಂದರು ಮೇಷ್ಟ್ರಮ್ಮ.

ಆಗೋಯ್ತು ಅದನ್ನು ಗುಜರಿ ಡಬ್ಬಕ್ಕೆ ಎಸೆದಿದ್ದ. ಇನ್ಸ್‌ಪೆಕ್ಟರಮ್ಮ ಅದನ್ನು ಹುಡುಕಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಮೆಲ್ಲನೆ ಕಟಕಟ ಎಂದಿತು.

*

ಮರುದಿನ ಬೆಳಗ್ಗೆ ಮೇಷ್ಟ್ರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರಮ್ಮ, ಮಗ, ಬಾಗಿಲ ಬಳಿ ಆಗೋಯ್ತು. ಮರಿಮೇಷ್ಟ್ರು ಗುರುವಿನ ಮೇಜಿಗೆ ಎದುರಾಗಿ ಕೂತ. ಮೇಜಿನ ಮೇಲೆ ಹಳೆಯ ಸೀಡಿ ಡ್ರೈವು ಇತ್ತು. ಅವನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಇನ್ಸ್‌ಪೆಕ್ಟರಮ್ಮ ಸುತ್ತಿ ಬಳಸಲಿಲ್ಲ. ಡಿಸ್ಕು ಅಳಿಸಿಹೋಗಿಲ್ಲ, ಬದಲಾಗಿದೆ ಎಂದರು. ಟೋಪಿಯ ಕಥೆ ಹೇಳಿದರು. ಬದಲಿಸಿದವನಿಗೆ ಕಂಪ್ಯೂಟರ್ ಬಿಚ್ಚುವುದು ಗೊತ್ತು; ಅಂದೇ ಆಗೋಯ್ತು ಟೋಪಿ ಸರಿಸಿದ್ದು ಮಾತ್ರ ಗೊತ್ತಿರಲಿಲ್ಲ. ತನ್ನ ಮನೆಯ ಜೋಡಿ ಕಂಪ್ಯೂಟರಿನ ಡಿಸ್ಕು ಹೇಗಿತ್ತೋ ಹಾಗೇ ತಂದು ಇಟ್ಟ. ಎಲ್ಲ ಸರಿಹೋಗಿದ್ದರೆ, ಹೊಸದು ಹಾಕುವಾಗ ಹಳೆಯದು ಅಳಿಸಿತು ಎಂದು ಜನ ರಿಪೇರಿಯವನನ್ನು ಬೈದು ಸುಮ್ಮನಾಗುತ್ತಿದ್ದರು.

"ನಾನು ಪದ್ಯ ಹೇಳ್ತಾ ಕೂತಿದ್ದೆ," ಎಂದ ಮರಿಮೇಷ್ಟ್ರು. ದನಿ ಗಟ್ಟಿಯಾಗಿತ್ತು. "ಅಮ್ಮ ಕೇಳಿದಾರೆ."

"ಕೇಳಿದಾರೆ. ಅಕ್ಕ, ತಾಳ ಕೇಳಿಸ್ತಾ?"

ಮೇಷ್ಟ್ರಮ್ಮ ಆ ಸಂಜೆಯನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳುವವರಂತೆ ತಲೆ ಬಾಗಿಸಿದರು.

"ಇಲ್ಲ," ಎಂದರು ನಿಧಾನವಾಗಿ. "ಬರೀ ದನಿ."

"ತಾಳ ಹಾಕದೆ ಒಂದು ಸಾಲೂ ಹೇಳದೋನು ಅವತ್ತು ಯಾಕೆ ಹಾಕ್ಲಿಲ್ಲ? ಕೈಗೆ ಬೇರೆ ಕೆಲಸ ಇತ್ತು."

ಮಗ ಎದ್ದು ನಿಂತ. ಇನ್ಸ್‌ಪೆಕ್ಟರಮ್ಮ ಕಣ್ಣಿನಲ್ಲೇ ಅವನನ್ನು ಕೂರಿಸಿದರು. ಕದ್ದದ್ದು ಏಕೆಂದು ಹೇಳಿದರು. ಕೊನೆಯ ಸಂಧಿಯನ್ನು ಮೇಷ್ಟ್ರು ಇವನಿಗೆ ಹೇಳಿಕೊಟ್ಟೇ ಇರಲಿಲ್ಲ. ಕೊಟ್ಟಿದ್ದಾರೆ ಎಂದು ಇವನು ಊರಿಗೆಲ್ಲ ಹೇಳಿಕೊಂಡಿದ್ದ. ಡಿವಿಡಿ ಎಲ್ಲರ ಕೈಗೂ ಬಂದರೆ, ಇವನು ಓದುವುದೊಂದು, ಗುರು ಓದಿದ್ದೊಂದು ಎಂದಾಗುತ್ತಿತ್ತು. ಕಲಿಯುವುದಕ್ಕೆ ಡಿಸ್ಕು ಬೇಕಿತ್ತು. ಬೇರೆಯವರ ಕೈಗೆ ಅದು ಸಿಗಬಾರದಾಗಿತ್ತು. ಕಲಿತ, ಚೆನ್ನಾಗಿಯೇ ಕಲಿತ. ಸೈರನ್ನಿಗೆ ನಿಂತ ಮೌನವನ್ನೂ ಬಿಡದೆ ಕಲಿತ.

ಮರಿಮೇಷ್ಟ್ರು ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

"ಅಲ್ಲಿ ನಿಲ್ಲಿಸು ಅಂತ ಗುರುಗಳೇ ಹೇಳಿಕೊಟ್ಟಿದ್ದು. ಎದುರಿಗೆ ಕೂರಿಸ್ಕೊಂಡು. ಇಲ್ಲ ಅನ್ನೋಕೆ ಯಾರಿದಾರೆ?"

"ಗೊತ್ತಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಇದನ್ನ ಕೇಳೋಣ."

ಆಗೋಯ್ತು ಮುಂದೆ ಬಂದ. ಕೆಟ್ಟ ಡ್ರೈವಿಗೂ ಒಂದು ಕಳ್ಳಕಿಂಡಿ ಇರುತ್ತದೆ. ಮುಖದ ಮೇಲೆ ಸೂಜಿಮೊನೆಯಷ್ಟು ತೂತು. ಎಸೆಯುವ ಸಾಮಾನಲ್ಲವೇ ಎಂದು ಅವನು ಅದನ್ನು ಆಗ ಮುಟ್ಟಿರಲಿಲ್ಲ. ಇನ್ಸ್‌ಪೆಕ್ಟರಮ್ಮ ತುರುಬಿನಿಂದ ಪಿನ್ನು ತೆಗೆದು ನೆಟ್ಟಗೆ ಮಾಡಿ ಕೊಟ್ಟರು. ಅವನು ಚುಚ್ಚಿ ಒತ್ತಿದ. ಬಾಗಿಲು ಅರ್ಧ ಬೆರಳು ಹೊರಗೆ ಬಂತು. ಎಳೆದ. ಒಳಗೆ ಒಂದು ಸೀಡಿ, ಅದರ ಮೇಲೆ ಬರಹವಿಲ್ಲ, ಧೂಳಿಲ್ಲ.

ಅದನ್ನು ಹೊಸ ಡಿವಿಡಿ ರೈಟರಿಗೆ ಹಾಕಿದ. ಸ್ವಲ್ಪ ಹೊತ್ತು ಯಂತ್ರ ತಿರುಗುವ ಸದ್ದು. ಆಮೇಲೆ ಒಂದು ಕೆಮ್ಮು. ಮೇಷ್ಟ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇದು ನಿನಗೆ ಕಣೋ, ಮರಿ," ಎಂದಿತು ಮೇಷ್ಟ್ರ ದನಿ. ಉಸಿರು ಅಲ್ಲಲ್ಲಿ ಕಡಿಯುತ್ತಿತ್ತು. "ಕೊನೇ ಸಂಧಿ. ಎದುರಿಗೆ ಕೂರಿಸ್ಕೊಂಡು ಹೇಳಿಕೊಡೋಣ ಅಂತಿದ್ದೆ, ಆಗ್ಲಿಲ್ಲ. ಇದ್ರಲ್ಲಿ ತುಂಬಿಟ್ಟಿದೀನಿ, ಮೊದಲು ನೀನು ಕಲಿ, ಆಮೇಲೆ ಉಳಿದೋರಿಗೆ ಹೇಳ್ಕೊಡು. ನಡುವೆ ಒಂದು ಕಡೆ ಗಿರಣಿ ಕೂಗ್ತು, ನಿಲ್ಲಿಸಿದೀನಿ. ನೀನು ಅಲ್ಲಿ ನಿಲ್ಲಿಸ್ಬೇಡ. ನನ್ನ ಕೆಮ್ಮನ್ನೂ ಕಲಿಯೋ ಪೈಕಿ ನೀನು."

ಸಣ್ಣ ನಗು. ಲೋಟ ಇಟ್ಟ ಸದ್ದು. ಅಂಗೈ ಮೇಜಿನ ಮೇಲೆ ಬಿತ್ತು. ಪದ್ಯ ಶುರುವಾಯಿತು.

ಯಾರೂ ಅದನ್ನು ನಿಲ್ಲಿಸಲಿಲ್ಲ. ತಾಯಿ ಬಯಲಿಗೆ ಬಂದಳು, ಮಗ ಸಿಕ್ಕಿದ, ಸೆರಗು ಎತ್ತಿದಳು. ಗಿರಣಿ ಕೂಗಿತು. ಆ ಕೂಗಿನಲ್ಲಿ ಮರಿಮೇಷ್ಟ್ರ ತಲೆ ಮೇಜಿಗೆ ತಾಗುವಷ್ಟು ಬಾಗಿತ್ತು.

ಸೈರನ್ ಅಡಗುತ್ತಿದ್ದ ಹಾಗೆ ಮೇಷ್ಟ್ರಮ್ಮ ಮಾತಾಡಿದರು. ಬೈಯಲಿಲ್ಲ.

"ನಿಲ್ಲಿಸಿದ್ದು ಸಾಕು. ಹೋಗಿ ತಗೊಂಡು ಬಾ."

*

ಅವನು ತಂದು ಕೊಟ್ಟ. ತನ್ನ ಶಾಲಿನಲ್ಲಿ ಸುತ್ತಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟು, ತಲೆ ಎತ್ತದೆ ಹೊರಟ. ಠಾಣೆಯ ಮಾತನ್ನು ಮೇಷ್ಟ್ರಮ್ಮ ಬೇಡವೆಂದರು. ಆದರೆ ಇನ್ಸ್‌ಪೆಕ್ಟರಮ್ಮ ಅವನನ್ನು ಬಾಗಿಲಲ್ಲಿ ತಡೆದರು. ಸಭೆಯಲ್ಲಿ ಕಟ್ಟಿದ ಸುಳ್ಳನ್ನು ಸಭೆಯಲ್ಲೇ ಬಿಚ್ಚಬೇಕು, ಆಗೋಯ್ತುವಿನ ಹೆಸರನ್ನೂ ಅಲ್ಲೇ ತೊಳೆಯಬೇಕು ಎಂದರು. ಅವನು ಹಾಗೇ ಮಾಡಿದ ಎಂದು ಆಮೇಲೆ ತಿಳಿಯಿತು. ಮಗ ತಾನಾಗಿ ಅಂಗಡಿಗೆ ಹೋಗಿ, ತಾನು ಎಳೆದಾಡಿದ ಅಂಗಿಯ ಬದಲಿಗೆ ಹೊಸ ಅಂಗಿ ಕೊಟ್ಟು ಬಂದ. ಅಳತೆ ಸರಿಯಾಗಲಿಲ್ಲ. ಆಗೋಯ್ತು ಅದನ್ನೇ ಹಾಕಿಕೊಂಡು ಬೀದಿ ಸುತ್ತಿದ.

ಡಿಸ್ಕಿನ ಬೆನ್ನಿಗೆ ಟಾರ್ಚ್ ಬಿಟ್ಟು ಅವನು ಟೋಪಿ ನೋಡಿದ. ತಾನು ಹಾಕಿದ ಜಾಗದಲ್ಲಿ ಇರಲಿಲ್ಲ. ಮರಿಮೇಷ್ಟ್ರ ಮನೆಯಲ್ಲಿ ಮತ್ತೆ ಯಜಮಾನನಾಗಿತ್ತು. ಕಿತ್ತು ಸರಿಯಾಗಿ ಸಿಕ್ಕಿಸಿದ. ನಕಲು ಆಯಿತೇ ಎಂದು ಮೇಷ್ಟ್ರಮ್ಮ ಕೇಳಿದಾಗ ಅವನಿಗೆ ತನ್ನ ಮಾತು ವಾಪಸ್ ಬಂತು.

ಈಗ ಬೆಳಗ್ಗೆ ಮಗನ ಕೋಣೆಯ ಬಾಗಿಲು ತೆರೆದಿರುತ್ತದೆ. ಪದ್ಯ ಮಹಡಿಗೆ ಏರುತ್ತದೆ. ಸೈರನ್ ಬಂದಾಗ ಇನ್ಸ್‌ಪೆಕ್ಟರಮ್ಮ ಲೋಟವನ್ನು ತುಟಿಯಿಂದ ಇಳಿಸಿ ಕಾಯುತ್ತಾರೆ.

ಡಿವಿಡಿಗಳು ಶಿಷ್ಯರ ಮನೆಗಳಿಗೆ ಹೋದವು. ಆ ಸೀಡಿ ಮಾತ್ರ ಮೇಷ್ಟ್ರ ಮೇಜಿನ ಮೇಲೆ ಹಾಗೇ ಇದೆ. ಮೇಷ್ಟ್ರಮ್ಮ ದಿನವೂ ಅದರ ಧೂಳು ಒರೆಸಿ ಇಡುತ್ತಾರೆ. ಕಳಿಸಿಕೊಡಲೇ ಎಂದು ಮಗ ಕೇಳಿದ. ಬೇಡ, ಬಂದು ಕೇಳಿ ತಗೊಂಡು ಹೋಗಲಿ ಎಂದರು.

ಕದ್ದದ್ದನ್ನು ಮರಿಮೇಷ್ಟ್ರು ಅಂದೇ ತಂದು ಕೊಟ್ಟ. ತನಗೆಂದೇ ಕೊಟ್ಟದ್ದನ್ನು ಕೇಳಲು ಇನ್ನೂ ಬಂದಿಲ್ಲ.